ಹಳೆಯ ತಂತ್ರಾಂಶ, ಹೊಸ ಗಣಕಯಂತ್ರ: ಸ್ಥಾಪನೆಯ ತೊಡಕುಗಳು ಮತ್ತು ಲೆಕ್ಕಪತ್ರಗಳ ರಕ್ಷಣೆ

ವ್ಯಾಪಾರ ಸಂಸ್ಥೆಗಳಲ್ಲಿ ಹಳೆಯ ಗಣಕಯಂತ್ರವನ್ನು ತೆಗೆದು ಹೊಸದನ್ನು ಕೂರಿಸುವ ಕಾರ್ಯ ಸಾಮಾನ್ಯವಾಗಿ ಒಂದೇ ದಿನದಲ್ಲಿ ಮುಗಿಯುತ್ತದೆ. ಇಂಜಿನಿಯರ್ ಬಂದು ಹಳೆಯ ಯಂತ್ರದ ಕಡತಗಳನ್ನು ಹೊಸದಕ್ಕೆ ನಕಲು ಮಾಡುತ್ತಾನೆ, ಲೆಕ್ಕದ ತಂತ್ರಾಂಶವನ್ನು ಮತ್ತೆ ಸ್ಥಾಪಿಸುತ್ತಾನೆ, ಒಂದು ಬಿಲ್ಲು ಮುದ್ರಿಸಿ ತೋರಿಸಿ ಹೊರಡುತ್ತಾನೆ. ಹಳೆಯ ಯಂತ್ರ ಗುಜರಿಗೆ ಹೋಗುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಎಷ್ಟೋ ತಿಂಗಳುಗಳ ನಂತರ, ತೆರಿಗೆ ಇಲಾಖೆಯಿಂದ ನಾಲ್ಕು ವರ್ಷಗಳ ಹಿಂದಿನ ಲೆಕ್ಕದ ವಿವರ ಕೇಳಿ ಪತ್ರ ಬಂದಾಗ. ಆಗ ಪೆನ್ ಡ್ರೈವ್‌ನಲ್ಲಿ ದತ್ತಾಂಶವಿರುತ್ತದೆ, ಅದನ್ನು ತೆರೆಯಬಲ್ಲ ತಂತ್ರಾಂಶ ಇರುವುದಿಲ್ಲ. ಇಲ್ಲವೇ ತಂತ್ರಾಂಶದ ಸಿ.ಡಿ. ಇರುತ್ತದೆ, ಅದನ್ನು ಹೊಸ ಯಂತ್ರ ಸ್ವೀಕರಿಸುವುದಿಲ್ಲ.

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಶುಲ್ಕ ತೆರುವ ಸಂಸ್ಥೆಗಳಿಗೆ ಗರಿಷ್ಠ 3 ವರ್ಷಗಳ ಕಾಲ ಸುರಕ್ಷತಾ ತಿದ್ದುಪಡಿಗಳು ದೊರೆಯುವ ಏರ್ಪಾಡಿದೆ. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲವಾದ್ದರಿಂದ ಅನೇಕ ಸಂಸ್ಥೆಗಳು ಯಂತ್ರವನ್ನೇ ಬದಲಾಯಿಸಬೇಕಾಗಿದೆ. ಹಳೆಯ ತಂತ್ರಾಂಶವನ್ನು ಹೊಸ ಯಂತ್ರದಲ್ಲಿ ಸ್ಥಾಪಿಸುವುದು ಕೇವಲ ತಾಂತ್ರಿಕ ಕೆಲಸವಲ್ಲ, ಅದು ಲೆಕ್ಕಪತ್ರಗಳ ಸಂರಕ್ಷಣೆಯ ಭಾಗ ಎಂಬ ಅಂಶವನ್ನು ಈ ಸಂದರ್ಭದಲ್ಲಿ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಗಮನಿಸುವುದು ಅವಶ್ಯ.

ಕಾನೂನಿನ ನಿರೀಕ್ಷೆ

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ ಕಲಂ 36ರ ಪ್ರಕಾರ, ಒಂದು ವರ್ಷದ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಮುಗಿಯುವವರೆಗೆ ಕಾಪಾಡಬೇಕು. 2021-22ನೇ ಸಾಲಿನ ವಾರ್ಷಿಕ ರಿಟರ್ನ್‌ನ ಕೊನೆಯ ದಿನ 2022ರ ಡಿಸೆಂಬರ್ 31 ಆಗಿತ್ತು. ಆದ್ದರಿಂದ ಆ ಸಾಲಿನ ಲೆಕ್ಕಗಳು 2028ರ ಡಿಸೆಂಬರ್ 31ರವರೆಗೆ ಲಭ್ಯವಿರಬೇಕು. ಮೇಲ್ಮನವಿ ಅಥವಾ ತನಿಖೆ ನಡೆಯುತ್ತಿದ್ದಲ್ಲಿ ಅದು ಅಂತಿಮವಾಗಿ ಇತ್ಯರ್ಥವಾದ ನಂತರ ಒಂದು ವರ್ಷದವರೆಗೆ, ಅಥವಾ ಮೇಲ್ಕಂಡ ಅವಧಿಯವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕಾಗುತ್ತದೆ.

ಇದೇ ಕಾಯಿದೆಯಡಿಯ ನಿಯಮ 57 ವಿದ್ಯುನ್ಮಾನ ದಾಖಲೆಗಳ ಬಗ್ಗೆ ಇನ್ನಷ್ಟು ಸ್ಪಷ್ಟವಾಗಿದೆ. ಅವಘಡದಿಂದ ದಾಖಲೆ ನಾಶವಾದರೆ ಸಮಂಜಸವಾದ ಅವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕು. ಕೇಳಿದಾಗ ದಾಖಲೆಗಳನ್ನು ಮುದ್ರಿತ ರೂಪದಲ್ಲಾಗಲಿ, ಓದಬಲ್ಲ ವಿದ್ಯುನ್ಮಾನ ರೂಪದಲ್ಲಾಗಲಿ ಒದಗಿಸಬೇಕು. ಕಡತಗಳ ವಿವರ, ಅವುಗಳ ಪಾಸ್‌ವರ್ಡ್ ಮತ್ತು ಬಳಸಿರುವ ಸಂಕೇತಗಳ ಅರ್ಥವನ್ನೂ ತಿಳಿಸಬೇಕು. 'ದತ್ತಾಂಶವಿದೆ, ತೆರೆಯಲು ಬರುತ್ತಿಲ್ಲ' ಎಂಬ ಉತ್ತರಕ್ಕೆ ಇಲ್ಲಿ ಅವಕಾಶವಿಲ್ಲ.

ಕಂಪನಿ ರೂಪದಲ್ಲಿರುವ ಸಂಸ್ಥೆಗಳಿಗೆ ಹೊಣೆ ಇನ್ನೂ ಹೆಚ್ಚು. ಕಂಪನಿಗಳ ಕಾಯಿದೆ, 2013ರ ಕಲಂ 128ರಂತೆ ಹಿಂದಿನ 8 ಹಣಕಾಸು ವರ್ಷಗಳ ಲೆಕ್ಕಪುಸ್ತಕಗಳು ಇರಬೇಕು. ಕಂಪನಿಗಳ (ಲೆಕ್ಕಪತ್ರ) ನಿಯಮಗಳು, 2014ರ ನಿಯಮ 3ರಂತೆ ವಿದ್ಯುನ್ಮಾನ ರೂಪದ ಲೆಕ್ಕಗಳು ಭಾರತದಲ್ಲಿ ಸದಾಕಾಲ ತೆರೆಯಲು ಸಿಗುವಂತೆ, ಮುಂದಿನ ಪರಿಶೀಲನೆಗೆ ಬಳಸಲು ಬರುವಂತೆ ಇರಬೇಕು. 2023ರ ಏಪ್ರಿಲ್ 1ರಿಂದ, ಪ್ರತಿ ತಿದ್ದುಪಡಿಯನ್ನೂ ದಿನಾಂಕದೊಂದಿಗೆ ದಾಖಲಿಸುವ, ಆ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಲಾಗದ ತಂತ್ರಾಂಶವನ್ನೇ ಕಂಪನಿಗಳು ಬಳಸಬೇಕು. ಹಳೆಯ ತಂತ್ರಾಂಶದಲ್ಲಿ ಈ ಸೌಲಭ್ಯವಿಲ್ಲದಿದ್ದರೆ ಅದನ್ನು ಹಿಂದಿನ ವರ್ಷಗಳ ಲೆಕ್ಕ ನೋಡಲು ಮಾತ್ರ ಉಳಿಸಿಕೊಳ್ಳಬಹುದು. ಹೊಸ ವರ್ಷದ ವೋಚರುಗಳನ್ನು ಅದರಲ್ಲಿ ಬರೆಯುವಂತಿಲ್ಲ.

ಸ್ಥಾಪನೆಯ ಪದ್ಧತಿ ಬದಲಾದ ಬಗೆ

ಡಾಸ್ ಕಾಲದ ಬಿಲ್ಲಿಂಗ್ ಹಾಗೂ ಲೆಕ್ಕದ ತಂತ್ರಾಂಶಗಳಿಗೆ ಸ್ಥಾಪನೆ ಎಂಬುದು ಬಹುಮಟ್ಟಿಗೆ ನಕಲು ಮಾಡುವ ಕೆಲಸವೇ ಆಗಿತ್ತು. ಫ್ಲಾಪಿಯಲ್ಲಿದ್ದ ಕಡತಗಳನ್ನು ಹಾರ್ಡ್ ಡಿಸ್ಕ್‌ನ ಒಂದು ಫೋಲ್ಡರ್‌ಗೆ ತುಂಬಿದರೆ ತಂತ್ರಾಂಶ ನಡೆಯುತ್ತಿತ್ತು. ದತ್ತಾಂಶವೂ ಅದೇ ಫೋಲ್ಡರ್‌ನಲ್ಲಿರುತ್ತಿತ್ತು. ಆ ಫೋಲ್ಡರ್ ಅನ್ನು ಇಡಿಯಾಗಿ ನಕಲು ಮಾಡಿದರೆ ತಂತ್ರಾಂಶ ಹಾಗೂ ಲೆಕ್ಕ ಎರಡೂ ಒಟ್ಟಿಗೆ ಬರುತ್ತಿದ್ದವು.

ವಿಂಡೋಸ್ 95ರ ನಂತರ ಪದ್ಧತಿ ಬದಲಾಯಿತು. ಸೆಟಪ್ ಎಂಬ ಕಡತವು ತಂತ್ರಾಂಶವನ್ನು ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರ್‌ನಲ್ಲಿ ಇರಿಸುತ್ತದೆ, ಅದಕ್ಕೆ ಬೇಕಾದ ಸಹಾಯಕ ಘಟಕಗಳನ್ನು ವಿಂಡೋಸ್‌ನ ಫೋಲ್ಡರುಗಳಿಗೆ ಸೇರಿಸುತ್ತದೆ, ರಿಜಿಸ್ಟ್ರಿ ಎಂಬ ಕೇಂದ್ರ ದಾಖಲೆಯಲ್ಲಿ ವಿವರಗಳನ್ನು ಬರೆಯುತ್ತದೆ. ಹೀಗೆ ಒಂದು ತಂತ್ರಾಂಶದ ಭಾಗಗಳು ಯಂತ್ರದ ಹಲವು ಕಡೆ ಹರಡಿಕೊಂಡವು. ಫೋಲ್ಡರ್ ಒಂದನ್ನೇ ನಕಲು ಮಾಡಿದರೆ ತಂತ್ರಾಂಶ ನಡೆಯುತ್ತದೆಂಬ ಭರವಸೆ ಆಗಲೇ ಹೋಯಿತು.

1999ರಲ್ಲಿ ಆಫೀಸ್ 2000 ಜೊತೆಗೆ ಬಂದ ವಿಂಡೋಸ್ ಇನ್‌ಸ್ಟಾಲರ್ ಸ್ಥಾಪನೆಗೆ ಒಂದು ಶಿಸ್ತನ್ನು ತಂದಿತು. ಯಾವ ಕಡತ ಎಲ್ಲಿಗೆ ಹೋಯಿತು ಎಂಬ ಲೆಕ್ಕವನ್ನು ಅದು ಇಡುತ್ತದೆ. ಸ್ಥಾಪನೆ ಅರ್ಧಕ್ಕೆ ನಿಂತರೆ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುತ್ತದೆ. ದುರಸ್ತಿ ಅಥವಾ ತೆಗೆದುಹಾಕುವ ಸಂದರ್ಭದಲ್ಲಿ ಅದು ಕೆಲವೊಮ್ಮೆ ಮೂಲ ಸ್ಥಾಪನಾ ಕಡತವನ್ನೇ ಕೇಳುವುದರಿಂದ ಆ ಕಡತವನ್ನು ಸ್ಥಾಪನೆಯ ನಂತರವೂ ಕಾಯ್ದಿಡಬೇಕು.

2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾ ಇನ್ನೊಂದು ನಿರ್ಬಂಧ ಸೇರಿಸಿತು. ಸಾಮಾನ್ಯ ಬಳಕೆದಾರನು ನಡೆಸುವ ತಂತ್ರಾಂಶ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಲ್ಲಿ ಏನನ್ನೂ ಬರೆಯುವಂತಿಲ್ಲ, ಸ್ಥಾಪನೆಗೆ ಆಡಳಿತಾಧಿಕಾರದ ಅನುಮತಿ ಬೇಕು. ಆಮೇಲೆ ಬಂದ ಎಂಎಸ್‌ಐಎಕ್ಸ್ ಮಾದರಿಯಲ್ಲಿ ತಂತ್ರಾಂಶವನ್ನು ಉಳಿದವುಗಳಿಂದ ಬೇರ್ಪಡಿಸಿ ಒಂದು ಕಟ್ಟಿನಂತೆ ಇರಿಸಲಾಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಅದು 64 ಬಿಟ್ ವ್ಯವಸ್ಥೆಯಲ್ಲಿ ಮಾತ್ರ ಲಭ್ಯ.

ಹೊಂದಾಣಿಕೆ ತಪ್ಪುವ ಸಂದರ್ಭಗಳು

ಮೊದಲನೆಯದಾಗಿ, 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶಗಳು ನಡೆಯುತ್ತವೆ, ಆದರೆ 16 ಬಿಟ್ ತಂತ್ರಾಂಶಗಳು ಹಾಗೂ ಡಾಸ್ ತಂತ್ರಾಂಶಗಳು ನಡೆಯುವುದಿಲ್ಲ. ಡಾಸ್‌ನ ಫಾಕ್ಸ್‌ಪ್ರೋದಲ್ಲಿ ಬರೆಸಿದ ಬಿಲ್ಲಿಂಗ್ ತಂತ್ರಾಂಶವನ್ನು 32 ಬಿಟ್ ವಿಂಡೋಸ್‌ನಲ್ಲಿ ಇಂದಿಗೂ ಬಳಸುತ್ತಿರುವ ವರ್ತಕರು ಯಂತ್ರ ಬದಲಾಯಿಸಿದ ದಿನವೇ ಈ ತಡೆಯನ್ನು ಎದುರಿಸಬೇಕಾಗುತ್ತದೆ.

ಎರಡನೆಯದಾಗಿ, 1990ರ ದಶಕದ ಕೆಲವು ತಂತ್ರಾಂಶಗಳು ಸ್ವತಃ 32 ಬಿಟ್ ಆಗಿದ್ದರೂ ಅವುಗಳ ಸೆಟಪ್ ಕಡತ ಮಾತ್ರ 16 ಬಿಟ್‌ನದು. ಅಂದರೆ ತಂತ್ರಾಂಶ ಹೊಸ ಯಂತ್ರದಲ್ಲಿ ನಡೆಯಬಲ್ಲದು, ಆದರೆ ಸ್ಥಾಪನೆಯಾಗಲಾರದು. ಇನ್‌ಸ್ಟಾಲ್‌ಶೀಲ್ಡ್‌ನಂತಹ ಕೆಲವು ಪರಿಚಿತ ಹಳೆಯ ಸೆಟಪ್‌ಗಳನ್ನು ವಿಂಡೋಸ್ ತಾನೇ ಗುರುತಿಸಿ, ಅವುಗಳ ಬದಲಿಗೆ 32 ಬಿಟ್ ರೂಪವನ್ನು ಉಪಯೋಗಿಸುತ್ತದೆ. ಉಳಿದವುಗಳಿಗೆ ಈ ಅನುಕೂಲವಿಲ್ಲ. ಹಳೆಯ ಯಂತ್ರದಲ್ಲಿ ಸ್ಥಾಪಿತವಾಗಿರುವ ಫೋಲ್ಡರ್ ಅನ್ನು ನಕಲು ಮಾಡಿ, ರಿಜಿಸ್ಟ್ರಿಯ ವಿವರಗಳನ್ನು ಹಾಗೂ ಸಹಾಯಕ ಘಟಕಗಳನ್ನು ಕೈಯಾರೆ ಸೇರಿಸಿದರೆ ಕೆಲವು ತಂತ್ರಾಂಶಗಳು ನಡೆಯುತ್ತವೆ. ಆದರೆ ಇದಕ್ಕೆ ಹಳೆಯ ಯಂತ್ರ ಇನ್ನೂ ಕೈಯಲ್ಲಿರಬೇಕು.

ಮೂರನೆಯದು ಸಹಾಯಕ ಘಟಕಗಳ ವಿಷಯ. ವಿಷುಯಲ್ ಬೇಸಿಕ್ 6 ಹಾಗೂ ಆಕ್ಸೆಸ್ ಬಳಸಿ ಬರೆಸಿದ ಹಳೆಯ ಬಿಲ್ಲಿಂಗ್ ತಂತ್ರಾಂಶಗಳು ದತ್ತಾಂಶವನ್ನು ತೆರೆಯಲು ಜೆಟ್ ಎಂಬ ಘಟಕವನ್ನು ಅವಲಂಬಿಸಿವೆ. ಇದಕ್ಕೆ 64 ಬಿಟ್ ರೂಪವಿಲ್ಲ. ಇದರ ನಂತರ ಬಂದ ಆಕ್ಸೆಸ್ ಘಟಕದ 32 ಬಿಟ್ ರೂಪವನ್ನು, 64 ಬಿಟ್ ಆಫೀಸ್ ಇರುವ ಯಂತ್ರದಲ್ಲಿ ಸ್ಥಾಪಿಸಲು ಹೊರಟರೆ ಸೆಟಪ್ ನಿರಾಕರಿಸುತ್ತದೆ. ಹೊಸ ಯಂತ್ರಕ್ಕೆ ಆಫೀಸ್ ಹಾಕಿಸುವ ಮೊದಲೇ ಈ ವಿಚಾರವನ್ನು ಇಂಜಿನಿಯರ್ ಜೊತೆ ಚರ್ಚಿಸುವುದು ಒಳಿತು.

ನಾಲ್ಕನೆಯದು ಡಾಂಗಲ್. ಕಳ್ಳ ನಕಲು ತಡೆಯಲು ಕೆಲವು ತಂತ್ರಾಂಶಗಳು ಯಂತ್ರದ ಹಿಂಬದಿಗೆ ಸಿಕ್ಕಿಸುವ ಸಣ್ಣ ಬೀಗವನ್ನು ಕೊಡುತ್ತಿದ್ದವು. ಹಳೆಯ ಡಾಂಗಲ್‌ಗಳು ಪ್ಯಾರಲಲ್ ಪೋರ್ಟ್‌ಗಾಗಿ ತಯಾರಾದವು, ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಆ ಪೋರ್ಟ್ ಇರುವುದಿಲ್ಲ. ಯುಎಸ್‌ಬಿ ಡಾಂಗಲ್ ಆಗಿದ್ದರೂ ಅದರ ಡ್ರೈವರ್ 64 ಬಿಟ್‌ನದಾಗಿರಬೇಕು ಹಾಗೂ ಅಂಕಿತ ಸಹಿ ಹೊಂದಿರಬೇಕು. 32 ಬಿಟ್ ಡ್ರೈವರ್ ಅನ್ನು 64 ಬಿಟ್ ವಿಂಡೋಸ್ ಸ್ವೀಕರಿಸುವುದಿಲ್ಲ. ರಿಟರ್ನ್ ಸಲ್ಲಿಸಲು ಬಳಸುವ ಡಿಜಿಟಲ್ ಸಹಿಯ ಟೋಕನ್‌ಗೂ ಹೊಸ ಯಂತ್ರದಲ್ಲಿ ಅದರ ಡ್ರೈವರ್ ಅನ್ನು ಬೇರೆಯಾಗಿಯೇ ಸ್ಥಾಪಿಸಬೇಕು.

ಐದನೆಯದು ಪರವಾನಗಿ. ಅಂತರ್ಜಾಲದ ಮೂಲಕ ಸಕ್ರಿಯಗೊಳಿಸುವ ತಂತ್ರಾಂಶಗಳಲ್ಲಿ ಪರವಾನಗಿಯನ್ನು ಯಂತ್ರಕ್ಕೆ ಕಟ್ಟಿರುವುದುಂಟು. ಅಂತಹ ಕಡೆ ಹಳೆಯ ಯಂತ್ರದಲ್ಲಿ ಪರವಾನಗಿಯನ್ನು ಬಿಟ್ಟುಕೊಟ್ಟ ನಂತರವೇ ಹೊಸದರಲ್ಲಿ ಪಡೆಯಬೇಕಾಗುತ್ತದೆ. ತಂತ್ರಾಂಶದ ತಯಾರಕರೇ ವ್ಯವಹಾರ ಮುಚ್ಚಿದ್ದರೆ ಸಕ್ರಿಯಗೊಳಿಸುವ ದಾರಿಯೂ ಮುಚ್ಚಿರುತ್ತದೆ.

ವಿಂಡೋಸ್‌ನಲ್ಲಿರುವ ಕಂಪ್ಯಾಟಿಬಿಲಿಟಿ ಮೋಡ್ ಎಂಬ ಸೌಲಭ್ಯದ ಮಿತಿಯನ್ನೂ ತಿಳಿದಿರಬೇಕು. ಹಳೆಯ ತಂತ್ರಾಂಶಕ್ಕೆ 'ಇದು ವಿಂಡೋಸ್ ಎಕ್ಸ್‌ಪಿ' ಎಂದು ತೋರಿಸಿ, ಆವೃತ್ತಿಯ ಸಂಖ್ಯೆ ನೋಡಿ ನಿಂತುಹೋಗುವ ಸೆಟಪ್‌ಗಳನ್ನು ಅದು ಮುಂದಕ್ಕೆ ಸಾಗಿಸುತ್ತದೆ. ಆದರೆ 16 ಬಿಟ್ ತಂತ್ರಾಂಶವನ್ನು ನಡೆಸುವ ಅಥವಾ ಹಳೆಯ ಡ್ರೈವರ್ ಅನ್ನು ಒಪ್ಪಿಸುವ ಶಕ್ತಿ ಅದಕ್ಕಿಲ್ಲ.

ಒಂದೇ ಅಂಗಡಿ, ಎರಡು ಲೆಕ್ಕ

ಮೇಲಿನ ತೊಡಕುಗಳು ಸ್ಥಾಪನೆಯ ದಿನವೇ ಕಾಣುತ್ತವೆ. ಎಲ್ಲವೂ ಸರಿಯಾಗಿದೆ ಎಂದು ತೋರಿಸಿ ಲೆಕ್ಕವನ್ನೇ ಎರಡಾಗಿಸುವ ತೊಡಕು ಇನ್ನೊಂದಿದೆ. ಅದನ್ನು ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ತಿಳಿಯಬಹುದು.

ಒಂದು ಹಾರ್ಡ್‌ವೇರ್ ಅಂಗಡಿಯ ಹಳೆಯ 32 ಬಿಟ್ ಬಿಲ್ಲಿಂಗ್ ತಂತ್ರಾಂಶವನ್ನು ಹೊಸ ಯಂತ್ರದ ಪ್ರೋಗ್ರಾಂ ಫೈಲ್ಸ್‌ನಲ್ಲಿ ಸ್ಥಾಪಿಸಲಾಯಿತು ಎಂದುಕೊಳ್ಳೋಣ. ಇಂಜಿನಿಯರ್ 1,840ನೇ ಬಿಲ್ಲಿನವರೆಗಿನ ದತ್ತಾಂಶವನ್ನು ಅದೇ ಫೋಲ್ಡರ್‌ಗೆ ನಕಲು ಮಾಡಿದ. ಮರುದಿನದಿಂದ ಗುಮಾಸ್ತ ತನ್ನ ಹೆಸರಿನ ಲಾಗಿನ್‌ನಿಂದ ಬಿಲ್ಲುಗಳನ್ನು ಬರೆಯತೊಡಗಿದ. ಆ ಫೋಲ್ಡರ್‌ನಲ್ಲಿ ಬರೆಯಲು ಅನುಮತಿಯಿಲ್ಲದ ಕಾರಣ ತಂತ್ರಾಂಶ ನಿಂತುಹೋಗಬೇಕಿತ್ತು. ಆದರೆ ಹಳೆಯ ತಂತ್ರಾಂಶಗಳಿಗೆ ಅನುಕೂಲವಾಗಲೆಂದು ವಿಂಡೋಸ್ ಒಂದು ಏರ್ಪಾಡು ಮಾಡಿದೆ. ದತ್ತಾಂಶದ ಕಡತದ ಪ್ರತಿಯೊಂದನ್ನು ಆ ಬಳಕೆದಾರನ ಸ್ವಂತ ಜಾಗದಲ್ಲಿರುವ ವರ್ಚುಯಲ್‌ಸ್ಟೋರ್ ಎಂಬ ಮರೆಯ ಫೋಲ್ಡರ್‌ನಲ್ಲಿ ಸೃಷ್ಟಿಸಿ, ಮುಂದಿನ ಬರವಣಿಗೆಯನ್ನೆಲ್ಲ ಅಲ್ಲಿಗೆ ತಿರುಗಿಸುತ್ತದೆ. ತಂತ್ರಾಂಶಕ್ಕಾಗಲಿ ಗುಮಾಸ್ತನಿಗಾಗಲಿ ಇದು ತಿಳಿಯುವುದಿಲ್ಲ.

ಬಿಲ್ಲುಗಳು 2,310ಕ್ಕೆ ತಲುಪಿದವು. ಆ ಗುಮಾಸ್ತ ರಜೆ ಹಾಕಿದ ದಿನ ಇನ್ನೊಬ್ಬ ತನ್ನ ಲಾಗಿನ್‌ನಿಂದ ತಂತ್ರಾಂಶ ತೆರೆದ. ಅವನಿಗೆ ಕಂಡದ್ದು 1,840ರಲ್ಲಿ ನಿಂತ ಮೂಲ ದತ್ತಾಂಶ. ಅವನು 1,841ರಿಂದ ಬಿಲ್ಲು ಮಾಡಿದ, ಅವು ಅವನ ವರ್ಚುಯಲ್‌ಸ್ಟೋರ್‌ಗೆ ಸೇರಿದವು. ದುರಸ್ತಿಗೆ ಬಂದ ಇಂಜಿನಿಯರ್ 'ಅಡ್ಮಿನಿಸ್ಟ್ರೇಟರ್ ಆಗಿ ಚಲಾಯಿಸು' ಎಂಬ ಆಯ್ಕೆಯಿಂದ ತೆರೆದಿದ್ದರೂ ಇದೇ ಹಳೆಯ ದತ್ತಾಂಶ ಕಾಣುತ್ತಿತ್ತು, ಏಕೆಂದರೆ ಆ ಅಧಿಕಾರದಲ್ಲಿ ನಡೆಯುವ ತಂತ್ರಾಂಶಕ್ಕೆ ವರ್ಚುಯಲ್‌ಸ್ಟೋರ್‌ನ ತಿರುವು ಅನ್ವಯಿಸುವುದಿಲ್ಲ.

ಇದರ ಪರಿಣಾಮ ಮೂರು ಬಗೆಯದು. ಒಂದೇ ಸಂಖ್ಯೆಯ ಬಿಲ್ಲು ಇಬ್ಬರು ಗ್ರಾಹಕರಿಗೆ ಹೋಗುತ್ತದೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಇನ್‌ವಾಯ್ಸ್ ಸಂಖ್ಯೆ ಅನುಕ್ರಮವಾಗಿರಬೇಕು ಮತ್ತು ಆ ಹಣಕಾಸು ವರ್ಷದಲ್ಲಿ ಅನನ್ಯವಾಗಿರಬೇಕು. ಎರಡನೆಯದಾಗಿ, ಒಂದು ಲೆಕ್ಕದಿಂದ ಮಾತ್ರ ತಯಾರಿಸಿದ ರಿಟರ್ನ್‌ನಲ್ಲಿ ಇನ್ನೊಂದರ ಮಾರಾಟ ಬಿಟ್ಟುಹೋಗುತ್ತದೆ. ಮೂರನೆಯದಾಗಿ, ಪ್ರತಿ ಸಂಜೆ ಪ್ರೋಗ್ರಾಂ ಫೈಲ್ಸ್ ಫೋಲ್ಡರ್‌ನಿಂದಲೇ ನಕಲು ಮಾಡಿಕೊಳ್ಳುತ್ತಿದ್ದ ಬ್ಯಾಕಪ್‌ನಲ್ಲಿ 1,840ರ ನಂತರದ ಒಂದು ಬಿಲ್ಲೂ ಇರುವುದಿಲ್ಲ. ಯಂತ್ರ ಕೆಟ್ಟರೆ ತಿಂಗಳುಗಟ್ಟಲೆ ಬರೆದ ಲೆಕ್ಕ ಹೋದಂತೆಯೇ.

ಪರಿಹಾರ ಸರಳವಾಗಿದೆ. ಹಳೆಯ ತಂತ್ರಾಂಶವನ್ನು ಪ್ರೋಗ್ರಾಂ ಫೈಲ್ಸ್‌ನಲ್ಲಿ ಸ್ಥಾಪಿಸದೆ, ಡಿ ಡ್ರೈವ್‌ನಲ್ಲಾಗಲಿ ಸಿ ಡ್ರೈವ್‌ನ ಪ್ರತ್ಯೇಕ ಫೋಲ್ಡರ್‌ನಲ್ಲಾಗಲಿ ಸ್ಥಾಪಿಸಬೇಕು. ಆ ಫೋಲ್ಡರ್‌ನಲ್ಲಿ ಬರೆಯುವ ಅನುಮತಿಯನ್ನು ಸಂಬಂಧಪಟ್ಟ ಬಳಕೆದಾರರಿಗೆ ಕೊಡಬೇಕು. ಸ್ಥಾಪನೆಯ ನಂತರ ಒಂದು ಪರೀಕ್ಷಾ ನಮೂದನ್ನು ಮಾಡಿ, ದತ್ತಾಂಶದ ಕಡತದ ದಿನಾಂಕ ಮತ್ತು ವೇಳೆ ಅದೇ ಕ್ಷಣಕ್ಕೆ ಬದಲಾಯಿತೇ ಎಂದು ನೋಡಬೇಕು. ಬದಲಾಗದಿದ್ದರೆ ಲೆಕ್ಕ ಬೇರೆಲ್ಲೋ ಬರೆಯಲ್ಪಡುತ್ತಿದೆ ಎಂದರ್ಥ. ಈಗಾಗಲೇ ನಡೆಯುತ್ತಿರುವ ಯಂತ್ರಗಳಲ್ಲೂ ಈ ಪರೀಕ್ಷೆಯನ್ನು ಇಂದೇ ಮಾಡಬಹುದು, ಐದು ನಿಮಿಷವೂ ಬೇಡ.

ಮುಂದಿರುವ ನಾಲ್ಕು ದಾರಿಗಳು

ಹಳೆಯ ತಂತ್ರಾಂಶ ಹೊಸ ಯಂತ್ರಕ್ಕೆ ಹೊಂದದಿದ್ದಾಗ ಸಂಸ್ಥೆಯ ಮುಂದೆ ನಾಲ್ಕು ದಾರಿಗಳಿವೆ.

1. ಹೊಸ ಆವೃತ್ತಿಗೆ ದತ್ತಾಂಶ ವರ್ಗಾವಣೆ: ತಯಾರಕರು ಇನ್ನೂ ವ್ಯವಹಾರದಲ್ಲಿದ್ದರೆ ಇದೇ ಉತ್ತಮ. ಆದರೆ ಹೊಸ ಆವೃತ್ತಿ ಹಳೆಯ ದತ್ತಾಂಶವನ್ನು ನೇರವಾಗಿ ತೆರೆಯುತ್ತದೆಂದು ಭಾವಿಸಬಾರದು. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನೇ ನೋಡಬಹುದು. ಟ್ಯಾಲಿ 7.2ರ ದತ್ತಾಂಶವನ್ನು 2009ರಲ್ಲಿ ಬಂದ ಟ್ಯಾಲಿ ಇಆರ್‌ಪಿ 9ಕ್ಕೆ ತರಲು ಪ್ರತ್ಯೇಕ ವರ್ಗಾವಣಾ ಸಾಧನವಿತ್ತು. 2020ರಲ್ಲಿ ಟ್ಯಾಲಿಪ್ರೈಮ್ ಬಂದಿತು. ಬಹಳ ಹಳೆಯ ದತ್ತಾಂಶವನ್ನು ಒಂದೇ ನೆಗೆತಕ್ಕೆ ತರಲಾಗದೆ, ನಡುವಿನ ಆವೃತ್ತಿಯ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ತರಬೇಕಾದೀತು. ವರ್ಗಾವಣೆ ಸಾಮಾನ್ಯವಾಗಿ ಏಕಮುಖ, ಹೊಸ ಆವೃತ್ತಿಗೆ ಪರಿವರ್ತಿಸಿದ ದತ್ತಾಂಶ ಹಳೆಯದರಲ್ಲಿ ಮತ್ತೆ ತೆರೆಯುವುದಿಲ್ಲ. ಆದ್ದರಿಂದ ಪರಿವರ್ತನೆಯನ್ನು ಪ್ರತಿಯ ಮೇಲೆ ಮಾಡಬೇಕು, ಮೂಲವನ್ನು ಮುಟ್ಟಬಾರದು.

2. ಹಳೆಯ ಯಂತ್ರವನ್ನೇ ಉಳಿಸಿಕೊಳ್ಳುವುದು: ಖರ್ಚಿಲ್ಲದ ದಾರಿ ಇದು. ಆದರೆ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಬೆಂಬಲ ನಿಂತಿದೆ. ಅಂತಹ ಯಂತ್ರವನ್ನು ಅಂತರ್ಜಾಲಕ್ಕೂ ಕಚೇರಿಯ ಜಾಲಕ್ಕೂ ಜೋಡಿಸಬಾರದು. ಹಾರ್ಡ್ ಡಿಸ್ಕ್‌ಗೂ ಆಯುಸ್ಸಿದೆ ಎಂಬುದನ್ನು ಮರೆಯಬಾರದು. 72 ತಿಂಗಳ ಹೊಣೆಯನ್ನು ಒಂದೇ ಹಳೆಯ ಯಂತ್ರದ ಮೇಲೆ ಹೊರಿಸುವುದು ಜಾಣತನವಲ್ಲ.

3. ವರ್ಚುಯಲ್ ಯಂತ್ರ: ಹೊಸ ಯಂತ್ರದೊಳಗೆ ತಂತ್ರಾಂಶದ ಮೂಲಕವೇ ಒಂದು ಹಳೆಯ ಯಂತ್ರವನ್ನು ಸೃಷ್ಟಿಸಿ, ಅದರಲ್ಲಿ ಹಳೆಯ ವಿಂಡೋಸ್ ಹಾಗೂ ಹಳೆಯ ಲೆಕ್ಕದ ತಂತ್ರಾಂಶವನ್ನು ಸ್ಥಾಪಿಸುವ ವಿಧಾನವಿದು. ವರ್ಚುಯಲ್‌ಬಾಕ್ಸ್ ಮುಂತಾದ ಸಾಧನಗಳು ಇದಕ್ಕೆ ಬಳಕೆಯಲ್ಲಿವೆ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಹೈಪರ್-ವಿ ಎಂಬ ಸೌಲಭ್ಯ ಒಳಗೊಂಡಿದೆ, ಹೋಮ್ ಆವೃತ್ತಿಯಲ್ಲಿ ಇಲ್ಲ. ಹಳೆಯ ವಿಂಡೋಸ್‌ನ ಕ್ರಮಬದ್ಧ ಪರವಾನಗಿ ಇರಬೇಕು. ಇಡೀ ವರ್ಚುಯಲ್ ಯಂತ್ರವನ್ನು ನಕಲು ಮಾಡಿ ಬೇರೆ ಡಿಸ್ಕ್‌ನಲ್ಲಿ ಇಡಲು ಬರುವುದು ಇದರ ದೊಡ್ಡ ಅನುಕೂಲ. ಕೇವಲ ಡಾಸ್ ತಂತ್ರಾಂಶವಾದರೆ ಡಾಸ್‌ಬಾಕ್ಸ್ ಎಂಬ ಸಾಧನದಲ್ಲಿ ತೆರೆಯಲು ಪ್ರಯತ್ನಿಸಬಹುದು. ಆದರೆ ಅದು ಮುಖ್ಯವಾಗಿ ಹಳೆಯ ಆಟಗಳಿಗಾಗಿ ರೂಪುಗೊಂಡದ್ದರಿಂದ ಲೆಕ್ಕ ನೋಡುವುದಕ್ಕಷ್ಟೇ ಬಳಸಿ, ನಿತ್ಯದ ಬಿಲ್ಲಿಂಗ್‌ಗೆ ನೆಚ್ಚಿಕೊಳ್ಳದಿರುವುದು ಕ್ಷೇಮ.

4. ಓದಬಲ್ಲ ರೂಪಕ್ಕೆ ತೆಗೆದಿಡುವುದು: ಹಳೆಯ ತಂತ್ರಾಂಶ ಇನ್ನೂ ನಡೆಯುತ್ತಿರುವಾಗಲೇ ಪ್ರತಿ ವರ್ಷದ ದಿನಚರಿ, ಎಲ್ಲ ಖಾತೆಗಳು, ತಾಳೆ ಪಟ್ಟಿ, ಅಢಾವೆ ಪತ್ರಿಕೆ, ದಾಸ್ತಾನು ವಹಿ ಹಾಗೂ ಮಾರಾಟ ಮತ್ತು ಖರೀದಿ ವಹಿಗಳನ್ನು ಪಿಡಿಎಫ್ ಮತ್ತು ಎಕ್ಸೆಲ್ ರೂಪದಲ್ಲಿ ತೆಗೆದಿಡಬೇಕು. ತಿದ್ದುಪಡಿಗಳ ದಾಖಲೆ ಸಾಮಾನ್ಯವಾಗಿ ಈ ರೂಪದಲ್ಲಿ ಬರುವುದಿಲ್ಲ, ಆದ್ದರಿಂದ ಇದೊಂದೇ ಸಾಲದು. ಆದರೆ ಮೇಲಿನ ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಇದನ್ನು ಮಾಡಲೇಬೇಕು.

ವರ್ಗಾವಣೆ ಸರಿಯಾಗಿದೆಯೇ ಎಂದು ತಿಳಿಯುವುದು

ಇಂಜಿನಿಯರ್‌ನ ದೃಷ್ಟಿಯಲ್ಲಿ ತಂತ್ರಾಂಶ ತೆರೆದರೆ ಕೆಲಸ ಮುಗಿಯಿತು. ಲೆಕ್ಕಿಗನ ಕೆಲಸ ಅಲ್ಲಿಂದ ಆರಂಭವಾಗುತ್ತದೆ. ಹಳೆಯ ತಂತ್ರಾಂಶದಲ್ಲಿಯೂ ಹೊಸದರಲ್ಲಿಯೂ ಒಂದೇ ದಿನಾಂಕಕ್ಕೆ ತಾಳೆ ಪಟ್ಟಿ ತೆಗೆದು ಸಾಲು ಸಾಲಾಗಿ ಹೋಲಿಸಬೇಕು. ಒಟ್ಟು ಮೊತ್ತ ಹೊಂದಿದರೆ ಸಾಲದು, ಎರಡು ಖಾತೆಗಳ ನಡುವೆ ಮೊತ್ತ ಅದಲುಬದಲಾದರೂ ಒಟ್ಟು ಹೊಂದುತ್ತದೆ. ಋಣಿಗಳು ಹಾಗೂ ಧನಿಗಳ ಪಟ್ಟಿಯನ್ನು ಬಿಲ್ಲುವಾರು ನೋಡಬೇಕು. ದಾಸ್ತಾನನ್ನು ಮೌಲ್ಯದಲ್ಲಿ ಮಾತ್ರವಲ್ಲದೆ ಪ್ರಮಾಣದಲ್ಲಿಯೂ ತಾಳೆ ನೋಡಬೇಕು. ತಿಂಗಳುವಾರು ಮಾರಾಟ ಮತ್ತು ತೆರಿಗೆಯ ಮೊತ್ತವನ್ನು ಸಲ್ಲಿಸಿದ ರಿಟರ್ನ್‌ಗಳೊಂದಿಗೆ ಹೋಲಿಸಬೇಕು. ವೋಚರುಗಳ ಒಟ್ಟು ಸಂಖ್ಯೆ, ಮೊದಲ ಮತ್ತು ಕೊನೆಯ ಬಿಲ್ಲಿನ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳಬೇಕು. ಈ ಹೋಲಿಕೆಯ ಹಾಳೆಗೆ ದಿನಾಂಕ ಹಾಕಿ, ಜವಾಬ್ದಾರರು ಸಹಿ ಮಾಡಿ ಕಡತದಲ್ಲಿಡುವುದು ಒಳ್ಳೆಯ ಕ್ರಮ. ಮುಂದೆ ಲೆಕ್ಕಪರಿಶೋಧಕರು ಕೇಳಿದಾಗ ಇದೇ ಉತ್ತರವಾಗುತ್ತದೆ.

ವರ್ಗಾವಣೆಗೆ ಮಾರ್ಚ್ ತಿಂಗಳಾಗಲಿ, ಲೆಕ್ಕಪರಿಶೋಧನೆ ಬಿರುಸಾಗಿರುವ ಸೆಪ್ಟೆಂಬರ್ ಆಗಲಿ ತಕ್ಕ ಕಾಲವಲ್ಲ. ಮಾಸಿಕ ರಿಟರ್ನ್ ಸಲ್ಲಿಸಿದ ಮೇಲೆ ಉಳಿಯುವ ದಿನಗಳನ್ನು ಆರಿಸಿಕೊಂಡು, ಒಂದು ಪೂರ್ಣ ತಿಂಗಳ ರಿಟರ್ನ್ ಹೊಸ ತಂತ್ರಾಂಶದಿಂದ ಸರಿಯಾಗಿ ಹೊರಬರುವವರೆಗೆ ಹಳೆಯ ಯಂತ್ರವನ್ನು ವಿಲೇವಾರಿ ಮಾಡದಿರುವುದು ಒಳಿತು.

ಕನ್ನಡದ ಬಿಲ್ಲುಗಳ ವಿಚಾರ

ರಾಜ್ಯದ ಎಷ್ಟೋ ಸಂಸ್ಥೆಗಳ ಪತ್ರಗಳು, ದರಪಟ್ಟಿಗಳು ಹಾಗೂ ಗ್ರಾಹಕರ ಹೆಸರುಗಳು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿವೆ. ಯೂನಿಕೋಡ್ ಪೂರ್ವದ ಈ ಶೈಲಿಗಳಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಅವುಗಳಿಗೆ ಕನ್ನಡದ ರೂಪ ಕೊಡುವುದು ಆ ಅಕ್ಷರಶೈಲಿಯ ಕಡತ. ಹೊಸ ಯಂತ್ರದಲ್ಲಿ ಅದನ್ನು ಸ್ಥಾಪಿಸದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಳೆಯ ಯಂತ್ರದಿಂದ ಅಕ್ಷರಶೈಲಿಯ ಕಡತಗಳನ್ನೂ ಮರೆಯದೆ ತೆಗೆದಿಡಬೇಕು. ಹಂತ ಹಂತವಾಗಿ ಪಠ್ಯವನ್ನು ಪರಿವರ್ತಕ ಸಾಧನದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಕೊಂಡರೆ ಮುಂದಿನ ಯಂತ್ರ ಬದಲಾವಣೆಗಳಲ್ಲಿ ಈ ತೊಂದರೆ ಇರದು. ಪರಿವರ್ತನೆಯ ನಂತರ ಒತ್ತಕ್ಷರ ಹಾಗೂ ಅಂಕಿಗಳನ್ನು ಕಣ್ಣಿಟ್ಟು ಪರಿಶೀಲಿಸುವುದು ಅಗತ್ಯ.

ಸ್ಥಾಪನಾ ವಹಿ

ಪ್ರತಿಯೊಂದು ಸಂಸ್ಥೆಯೂ ಸ್ಥಾಪನೆಗೆಂದೇ ಒಂದು ಸಣ್ಣ ವಹಿ ಇಡುವುದು ಹಿತಕರ. ಅದರಲ್ಲಿ ಇರಬೇಕಾದ ವಿವರಗಳು ಹೀಗಿವೆ:

1. ತಂತ್ರಾಂಶದ ಹೆಸರು, ಆವೃತ್ತಿಯ ಸಂಖ್ಯೆ, ಯಾವ ಹಣಕಾಸು ವರ್ಷಗಳ ಲೆಕ್ಕ ಅದರಲ್ಲಿದೆ ಎಂಬ ವಿವರ.
2. ಅದು ನಡೆಯುತ್ತಿದ್ದ ವಿಂಡೋಸ್ ಆವೃತ್ತಿ, 32 ಬಿಟ್ ಅಥವಾ 64 ಬಿಟ್.
3. ಮೂಲ ಸ್ಥಾಪನಾ ಕಡತ ಇರುವ ಜಾಗ. ಸಿ.ಡಿ. ಆಗಿದ್ದರೆ ಅದನ್ನು ಹಾರ್ಡ್ ಡಿಸ್ಕ್‌ಗೂ ನಕಲು ಮಾಡಿರಬೇಕು.
4. ಪರವಾನಗಿಯ ಸಂಖ್ಯೆ, ಖರೀದಿಯ ಬಿಲ್ಲು, ಡಾಂಗಲ್ ಮತ್ತು ಅದರ ಡ್ರೈವರ್.
5. ದತ್ತಾಂಶ ಇರುವ ಫೋಲ್ಡರ್‌ನ ಪೂರ್ಣ ವಿಳಾಸ ಹಾಗೂ ಬ್ಯಾಕಪ್ ಪ್ರತಿಗಳು ಇರುವ ಸ್ಥಳ.
6. ತಂತ್ರಾಂಶದ ಹಾಗೂ ದತ್ತಾಂಶದ ಪಾಸ್‌ವರ್ಡ್‌ಗಳು ಮೊಹರು ಮಾಡಿದ ಲಕೋಟೆಯಲ್ಲಿ, ಮಾಲೀಕರ ಬಳಿ. ಕೆಲಸ ಬಿಟ್ಟು ಹೋದ ಗುಮಾಸ್ತನಿಗೆ ಮಾತ್ರ ಪಾಸ್‌ವರ್ಡ್ ಗೊತ್ತಿದ್ದರೆ ಇರುವ ಬ್ಯಾಕಪ್ ಕೂಡ ಉಪಯೋಗಕ್ಕೆ ಬಾರದು.

ಇದರ ಜೊತೆಗೆ ವರ್ಷಕ್ಕೊಮ್ಮೆ ಒಂದು ಪರೀಕ್ಷೆ ನಡೆಸಬೇಕು. ಕಾಯ್ದಿಡಬೇಕಾದ ಅವಧಿಯಲ್ಲಿರುವ ಅತ್ಯಂತ ಹಳೆಯ ವರ್ಷದ ಬ್ಯಾಕಪ್ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ, ವಹಿಯಲ್ಲಿರುವ ವಿವರಗಳನ್ನಷ್ಟೇ ನೋಡಿ ತೆರೆಯಲು ಪ್ರಯತ್ನಿಸಬೇಕು. ತೆರೆದ ಮೇಲೆ ಆ ವರ್ಷದ ತಾಳೆ ಪಟ್ಟಿಯನ್ನು ಮುದ್ರಿಸಿ, ಸಹಿಯಾದ ಅಢಾವೆ ಪತ್ರಿಕೆಯೊಂದಿಗೆ ಹೋಲಿಸಬೇಕು. ಈ ಪರೀಕ್ಷೆಯಲ್ಲಿ ಸೋತರೆ ಸರಿಪಡಿಸಿಕೊಳ್ಳಲು ಕಾಲಾವಕಾಶವಿರುತ್ತದೆ. ಇಲಾಖೆಯ ಪತ್ರ ಕೈಯಲ್ಲಿರುವಾಗ ಸೋತರೆ ಅದು ಇರುವುದಿಲ್ಲ.

ಹಿಂದಿನವರು ಕೆಂಪು ರಟ್ಟಿನ ವಹಿಗಳನ್ನು ಗೆದ್ದಲು ತಿನ್ನದಂತೆ, ಮಳೆಯ ನೀರು ತಾಗದಂತೆ ಕಾಯುತ್ತಿದ್ದರು. ಅವನ್ನು ಓದಲು ಕಣ್ಣು ಮತ್ತು ಬೆಳಕು ಇದ್ದರೆ ಸಾಕಾಗಿತ್ತು. ಇಂದಿನ ವಹಿಯನ್ನು ಓದಲು ಅದನ್ನು ಬರೆದ ತಂತ್ರಾಂಶ ಬೇಕು, ಆ ತಂತ್ರಾಂಶ ಸ್ಥಾಪನೆಯಾಗುವ ಯಂತ್ರವೂ ಬೇಕು. ಆದುದರಿಂದ ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಹೊಸ ಯಂತ್ರದಲ್ಲಿ ಹಳೆಯ ವರ್ಷದ ಒಂದು ಖಾತೆಯನ್ನಾದರೂ ತೆರೆದು, ಕೊನೆಯ ಶಿಲ್ಕನ್ನು ಮುದ್ರಿತ ಪ್ರತಿಯೊಂದಿಗೆ ತಾಳೆ ನೋಡಿಕೊಳ್ಳುವುದು ಪ್ರತಿಯೊಬ್ಬ ವರ್ತಕರ ಹಿತದೃಷ್ಟಿಯಿಂದ ಅವಶ್ಯ.